ನೋಡಿದ ವೇಳೆ

ಶ್ರದ್ಧಾಂಜಲಿ ಸಭೆಯ ಫ್ಲೆಕ್ಸಿನಲ್ಲಿ ಅವರ ಫೋಟೋದ ಕೆಳಗೆ ‘ಸರಳಜೀವಿ, ಮೃದುಭಾಷಿ’ ಎಂದು ಅಚ್ಚಾಗಿತ್ತು. ಮೊದಲನೆಯದು ನಿಜ. ಎರಡನೆಯದು ಸುಳ್ಳು. ಸತ್ತವರ ಬಗ್ಗೆ ಇಂಥ ಸುಳ್ಳುಗಳನ್ನು ವರದಿಗಾರನಾಗಿ ನಾನೂ ಬರೆದಿದ್ದೇನೆ. ಸಂಜೆಯೊಳಗೆ ಸುದ್ದಿ ಕಳಿಸಬೇಕಾದಾಗ ‘ಮೃದುಭಾಷಿ’ ಸುಲಭವಾಗಿ ಕೈಗೆ ಸಿಗುವ ಪದ. ಆದರೆ ಕೊಳ್ಳೇಗಾಲದ ಆ ಕಾಲೇಜಿನ ಸಭಾಂಗಣದಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಅದನ್ನು ಓದಿದಾಗ ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಫ್ಲೆಕ್ಸ್ ಹಾಕಿಸಿದ ಪ್ರಾಂಶುಪಾಲರೇ ಆರು ವರ್ಷದ ಹಿಂದೆ, ಜೋರಾಗಿ ಮಾತಾಡಿದ್ದಕ್ಕಾಗಿ ಅವರಿಗೆ ನೋಟಿಸ್ ಕೊಟ್ಟಿದ್ದರು.

ನಮಗೆಲ್ಲ ಅವರು ಬಾಟನಿ ಮೇಡಂ. ಹೆಸರು ಇಲ್ಲಿ ಬರೆಯುವುದಿಲ್ಲ. ಬರೆಯಬೇಡ ಎಂದವರು ಅವರೇ. ಕಾರಣ ಮುಂದೆ ಬರುತ್ತದೆ.

ಅವರು ಯಳಂದೂರಿನವರು. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಕಬ್ಬಿನ ಕಾಲದಲ್ಲಿ ಕುಂತೂರಿನ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳ ಹಿಂದೆ ಬಸ್ಸುಗಳು ತೆವಳುತ್ತವೆಂದು ಆ ಮೂರು ತಿಂಗಳು ಒಂದು ಬಸ್ಸು ಮೊದಲೇ ಹಿಡಿಯುತ್ತಿದ್ದರು. ಕುಳ್ಳಗಿನ ಆಳು, ನೂಲಿನ ಸೀರೆ, ಮಳೆಯಿಲ್ಲದ ದಿನವೂ ಕೈಯಲ್ಲಿ ಕರೀ ಕೊಡೆ. ಗಡಿಯಾರವನ್ನು ಬಲಗೈಗೆ, ಮುಖ ಒಳಗೆ ಬರುವಂತೆ ಕಟ್ಟುತ್ತಿದ್ದರು. ಪಾಠ ಮಾಡುವಾಗ ಪುಸ್ತಕದ ಕನ್ನಡ. ಸಿಟ್ಟು ಬಂದಾಗ ಊರಿನ ಕನ್ನಡ. ಅವರ ಮಾತಿನಲ್ಲಿ ‘ಹ’ಕಾರ ಉದುರತೊಡಗಿತೆಂದರೆ ನಾವು ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡುತ್ತಿದ್ದೆವು.

ಅವರ ಪ್ರಾಕ್ಟಿಕಲ್ ರೆಕಾರ್ಡು ಬೇರೆ ಯಾವ ಕಾಲೇಜಿನ ರೆಕಾರ್ಡಿನಂತೆಯೂ ಇರಲಿಲ್ಲ. ಪ್ರತಿ ಪುಟದ ಎಡಗಡೆ ಒಂದು ಕಾಲಂ ಗೆರೆ ಹಾಕಿಸಿ ಮೇಲೆ ‘ನೋಡಿದ ವೇಳೆ’ ಎಂದು ಬರೆಸುತ್ತಿದ್ದರು. ನಾನೊಮ್ಮೆ ‘ತಂಗಡಿ ಗಿಡದ ಎಲೆಗಳು ಮಡಚಿಕೊಂಡಿವೆ’ ಎಂದು ಬರೆದು ಆ ಕಾಲಂ ಖಾಲಿ ಬಿಟ್ಟಿದ್ದೆ.

“ಎಷ್ಟೊತ್ನಲ್ಲಿ ನೋಡ್ದೆ?”

“ಜ್ಞಾಪಕ ಇಲ್ಲ ಮೇಡಂ.”

“ಸಾಯಂಕಾಲ ಮಡಚಿದ್ರೆ ಅದು ಗಿಡದ ಅಭ್ಯಾಸ. ಮಧ್ಯಾಹ್ನ ಮಡಚಿದ್ರೆ ಗಿಡಕ್ಕೆ ಏನೋ ಆಗಿದೆ. ವೇಳೆ ಇಲ್ದಿರೋ ನೋಟ ಬರೀ ಗಾಳಿಮಾತು ಕಣಪ್ಪ.”

ತಪ್ಪು ಬರೆದರೆ ಹೊಡೆದುಹಾಕಲು ಬಿಡುತ್ತಿರಲಿಲ್ಲ. ತಪ್ಪು ಅಲ್ಲೇ ಇರಬೇಕು. ಅದರ ಕೆಳಗೆ ಸರಿಯಾದ ವಾಕ್ಯ, ನೋಡಿದ ವೇಳೆ, ನೋಡಿದವನ ಸಹಿ. ಹೊಡೆದುಹಾಕಿದವನಿಗೆ ಸೊನ್ನೆ.

ಒಂದು ಬೆಳಗ್ಗೆ ಬಸ್ಸು ಗಕ್ಕನೆ ನಿಂತು ಅವರ ಮುಂಗೈ ಕಂಬಿಗೆ ಬಡಿದಿತ್ತು. ಅವರು ಕ್ಲಾಸಿಗೆ ಬಂದವರೇ ಸೀರೆಯ ಸೆರಗು ಸರಿಸಿ ಕೈ ಮುಂದೆ ಚಾಚಿ, “ಬರ್ಕೊಳ್ಳಿ” ಎಂದರು. ಹತ್ತು ದಿನ ನಾವು ಆ ಪೆಟ್ಟಿನ ಬಣ್ಣವನ್ನು ರೆಕಾರ್ಡಿನಲ್ಲಿ ಬರೆದೆವು. ಮೊದಲು ಕೆಂಪು, ಮಾರನೇ ದಿನ ನೇರಳೆ, ಐದಾರನೇ ದಿನ ಅಂಚಿನಲ್ಲಿ ಹಸಿರು, ಕೊನೆಗೆ ಹಳದಿ. ಹಿಂದಿನ ಬೆಂಚಿನಿಂದ ಒಬ್ಬ, “ಮೇಡಂ, ಇದು ಜುವಾಲಜಿ ಅಲ್ವಾ?” ಎಂದ.

“ಕೂತ್ಕೊ. ಹಸಿರು ಬರ್ಲಿ, ಆಮೇಲೆ ಹೇಳ್ತೀನಿ.”

ಹಸಿರು ಬಂದ ದಿನ ಹೇಳಿದರು. ರಕ್ತದ ಕೆಂಪಿನಲ್ಲಿ ಹೀಮ್ ಎನ್ನುವ ಉಂಗುರದಂಥ ವಸ್ತುವಿದೆ, ನಡುವೆ ಕಬ್ಬಿಣ. ಪೆಟ್ಟು ಬಿದ್ದು ರಕ್ತ ಒಡೆದ ಕಡೆ ಮೈ ಆ ಉಂಗುರವನ್ನು ಕತ್ತರಿಸುತ್ತದೆ. ಕಬ್ಬಿಣ ಬೇರೆಯಾಗುತ್ತದೆ, ಬಿಚ್ಚಿಕೊಂಡ ಉಂಗುರ ಹಸಿರಾಗುತ್ತದೆ. ನಮ್ಮ ಮೈಗೆ ಅದು ಕಸ, ಹಳದಿ ಮಾಡಿ ಆಚೆ ಕಳಿಸುತ್ತದೆ. ಗಿಡಕ್ಕೆ ರಕ್ತವಿಲ್ಲ, ಆದರೆ ಅದರ ಜೀವಕೋಶದಲ್ಲೂ ಹೀಮ್ ಇದೆ. ಅದೂ ಆ ಉಂಗುರವನ್ನು ಹೀಗೆಯೇ ಕತ್ತರಿಸುತ್ತದೆ, ಇದೇ ಹಸಿರು ವಸ್ತು ಬರುತ್ತದೆ. ಅದನ್ನು ಇನ್ನಷ್ಟು ತಿದ್ದಿ ಒಂದು ಪ್ರೋಟೀನಿನೊಳಗೆ ಕೂರಿಸಿಕೊಳ್ಳುತ್ತದೆ. ಬೆಳಕು ಬಿದ್ದರೆ ಅದರ ರೂಪ ಬದಲಾಗುತ್ತದೆ, ಕತ್ತಲಲ್ಲಿ ಮೆಲ್ಲಗೆ ಹಿಂದಿನ ರೂಪಕ್ಕೆ ಬರುತ್ತದೆ. ರಾತ್ರಿ ಎಷ್ಟು ಉದ್ದ, ಇದು ಯಾವ ಕಾಲ, ಹೂ ಬಿಡಬೇಕೋ ಬೇಡವೋ ಎಂದು ಗಿಡಕ್ಕೆ ತಿಳಿಯುವುದು ಅದರಿಂದ.

“ನಾವು ಆಚೆಗೆ ಎಸೆಯೋ ಕಸದಲ್ಲಿ ಗಿಡ ಕಣ್ಣು ಮಾಡ್ಕೊಳ್ತದೆ” ಎಂದು ಸೆರಗು ಸರಿ ಮಾಡಿಕೊಂಡರು.

ಆ ಕಣ್ಣು ಮಾಡಿಕೊಳ್ಳಲಾರದ ಗಿಡಗಳೂ ಇವೆಯಂತೆ. ಹುಟ್ಟುವಾಗಲೇ ಆ ಉಂಗುರ ಕತ್ತರಿಸುವ ಶಕ್ತಿ ಇರುವುದಿಲ್ಲ. ಅಂಥವು ಬಿಸಿಲಲ್ಲಿ ನಿಂತಿದ್ದರೂ ಕತ್ತಲೆಯಲ್ಲಿ ಬೆಳೆದ ಹಾಗೆ ಬಿಳಿಚಿಕೊಂಡು ಸಣಕಲಾಗಿ ಉದ್ದಕ್ಕೆ ಏಳುತ್ತವೆ. ಅಂದಿನಿಂದ ಪಾಠ ಕೇಳದವರಿಗೆ ಅವರು ಬೈಯುತ್ತಿದ್ದದ್ದು ಒಂದೇ ಮಾತು: “ಬಿಸಿಲಲ್ಲೇ ಬಿಳಿಚ್ಕಂಡೋನೆ.”

ಹತ್ತಾರು ವರ್ಷ ಕಳೆದ ಮೇಲೆ ಆ ಬೈಗುಳಕ್ಕೆ ನಾನೇ ಪಾತ್ರನಾದೆ.

ಆಗ ನಾನು ಜಿಲ್ಲಾ ಪತ್ರಿಕೆಯೊಂದರ ಕೊಳ್ಳೇಗಾಲದ ವರದಿಗಾರ. ಹನೂರು ತಾಲ್ಲೂಕಿನಲ್ಲಿ ಶಾಗ್ಯದ ಹತ್ತಿರದ ಒಂದು ಊರಿನಿಂದ ಸುದ್ದಿ ಬಂತು: ಮೂರು ಹೊಲಗಳಲ್ಲಿ ಅವರೆ ಆಳೆತ್ತರ ಹಬ್ಬಿದೆ, ಒಂದು ಹೂವೂ ಇಲ್ಲ. ಸಂಬಂಧಪಟ್ಟ ಕಚೇರಿಗೆ ಹೋದೆ. ಅಲ್ಲಿನ ಅಧಿಕಾರಿ ಸ್ಥಳ ಪರಿಶೀಲನೆಯ ಟಿಪ್ಪಣಿ ತೋರಿಸಿದರು. ಬೀಜ ಕಳಪೆ, ರೈತ ಮಹಿಳೆಯೊಬ್ಬರು ಮನೆಯಲ್ಲಿ ಇಟ್ಟುಕೊಂಡಿದ್ದ ಬೀಜ, ಎಂದಿತ್ತು. ನಾನು ಅದನ್ನೇ ಬರೆದೆ. ‘ಕಳಪೆ ಬೀಜ: ಹೂ ಬಿಡದ ಅವರೆ’ ಎಂಬ ತಲೆಬರಹದಲ್ಲಿ ಅದು ಮೂರು ಕಾಲಂ ಬಂತು.

ಎರಡು ದಿನದ ಮೇಲೆ ಮೇಡಂ ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದರು. ಪತ್ರಿಕೆಯ ತುಂಡು ಕೊಡೆಯ ಮಡಿಕೆಯಲ್ಲಿತ್ತು.

“ಇದು ನಿಂದೇನಪ್ಪ?”

“ಹೌದು ಮೇಡಂ.”

“ಹೊಲ ನೋಡಿದ್ಯಾ?”

“ಇಲ್ಲ. ಆಫೀಸಿನ ರಿಪೋರ್ಟು…”

“ಅದೇ ಬೀಜ ಬೇರೆ ಯಾರ್ ಯಾರು ಹಾಕವ್ರೆ, ಕೇಳಿದ್ಯಾ?”

ನಾನು ಕುರ್ಚಿ ಎಳೆದು ಕೊಟ್ಟೆ. ಅವರು ಕೂರಲಿಲ್ಲ.

“ಆಳೆತ್ತರ ಅಬ್ಬಿದೆ ಅಂತ ನೀನೇ ಬರ್ದಿದ್ದೀಯಲ್ಲ. ಕೆಟ್ಟ ಬೀಜ ಉಟ್ಟೋದೇ ಇಲ್ಲ ಕಣೋ. ಇದು ಉಟ್ಟಿದೆ, ಅಬ್ಬಿದೆ. ಊ ಬಿಡೋ ಕಾಲ ಬಂತು ಅಂತ ಮಾತ್ರ ಗೊತ್ತಾಗಿಲ್ಲ. ಯಾಕೆ ಗೊತ್ತಾಗಿಲ್ಲ ಅಂತ ಓಗಿ ನೋಡೋದು ಬುಟ್ಟು, ಬಿಸಿಲಲ್ಲೇ ಬಿಳಿಚ್ಕಂಡೋನೆ!”

ಹ ಒಂದೂ ಉಳಿದಿರಲಿಲ್ಲ. ಭಾನುವಾರ ಇಬ್ಬರೂ ಬೆಳಗಿನ ಹನೂರು ಬಸ್ಸು ಹತ್ತಿದೆವು.

ಹೊಲದ ಒಡತಿ ಪುಟ್ಟಮಾದಮ್ಮ, ಐವತ್ತೈದರ ಹೆಂಗಸು. ಆ ಊರಿನಲ್ಲಿ ಅವರೆ ಬೀಜ ಎಂದರೆ ಆಕೆಯ ಮನೆಯದು. ಪ್ರತಿ ವರ್ಷ ಗಟ್ಟಿ ಕಾಳು ಆರಿಸಿ, ಕೆಮ್ಮಣ್ಣು ಕಟ್ಟಿ ಒಣಗಿಸಿ, ಮಡಕೆಯಲ್ಲಿ ತುಂಬಿ ಬಾಯಿಗೆ ಸಗಣಿ ಮೆತ್ತಿ ಇಡುತ್ತಿದ್ದಳು. ಬಿತ್ತನೆಯ ದಿನ ಹೆಂಗಸರು ಮೊರ ಹಿಡಿದು ಬಂದು ಆಕೆಯ ಕೈಯಿಂದಲೇ ಮೊದಲ ಹಿಡಿ ಹಾಕಿಸಿಕೊಳ್ಳುವುದು ರೂಢಿ. ನನ್ನ ವರದಿ ಬಂದ ಮೇಲೆ ‘ಅವಳ ಕೈಗುಣ ಕೆಟ್ಟೋಯ್ತು’ ಎಂಬ ಮಾತು ಹುಟ್ಟಿತ್ತು. ಮುಂದಿನ ಸಲ ಪೇಟೆ ಬೀಜ ತರುವುದಾಗಿ ನಾಲ್ಕು ಮನೆಯವರು ಆಕೆಯ ಎದುರಿಗೇ ಹೇಳಿದ್ದರು. ಅದಕ್ಕಿಂತ ಹೆಚ್ಚಾಗಿ, ಮಡಕೆಯಲ್ಲಿದ್ದ ಬೀಜವನ್ನೆಲ್ಲ ಆ ವರ್ಷ ಬಿತ್ತಿಬಿಟ್ಟಿದ್ದಳು. ಹೊಲದಲ್ಲಿ ಕಾಯಿ ಕಟ್ಟದಿದ್ದರೆ ಮಡಕೆ ಖಾಲಿ.

“ಬೀಜ ನಮ್ಮತ್ತೆ ಕೊಟ್ಟಿದ್ದು ಮೇಡಮ್ಮಾ. ಅವ್ರಿಗೆ ಅವರತ್ತೆ ಕೊಟ್ಟಿದ್ದು. ಕೆಟ್ಟದ್ದು ಅಂತ ಪೇಪರ್‌ನಲ್ಲಿ ಬರ್ದವ್ರಂತೆ. ಯಾವನವ್ವಾ ಆ ಬಡ್ಡೀಮಗ?”

“ಇವ್ನೇ” ಎಂದು ಮೇಡಂ ಕೊಡೆಯಲ್ಲಿ ನನ್ನನ್ನು ತೋರಿಸಿದರು.

ಪುಟ್ಟಮಾದಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ, “ಉಂಡ್ರಾ ಸಾ?” ಎಂದಳು.

ಆಕೆಯ ಹೊಲವೂ ಹೂ ಬಿಡದ ಉಳಿದೆರಡು ಹೊಲಗಳೂ ಇದ್ದದ್ದು ಬಸ್ ನಿಲ್ಲುವ ಸರ್ಕಲ್‌ನ ಪಕ್ಕದಲ್ಲೇ. ಅಲ್ಲಿ ಆ ವರ್ಷದ ಬೇಸಿಗೆಯಲ್ಲಿ ಹೈಮಾಸ್ಟ್ ದೀಪ ನಿಲ್ಲಿಸಿದ್ದರು, ನಾಲ್ಕು ದಿಕ್ಕಿಗೆ ನಾಲ್ಕು ದೊಡ್ಡ ಲೈಟು. ಮೇಡಂ ಅದನ್ನು ನೋಡಿ ಹೊಲದ ಬದುವಿನ ಮೇಲೆ ನಡೆಯುತ್ತಾ ಹೋದರು. ದೀಪದ ಕಂಬಕ್ಕೂ ಹೊಲಕ್ಕೂ ನಡುವೆ ಒಂದು ಹಳೇ ಹುಣಸೆಮರವಿದೆ. ಅದರ ಹಿಂದಕ್ಕೆ ಹೋಗಿ ನಿಂತು, “ಬಾ ಇಲ್ಲಿ” ಎಂದು ಕೂಗಿದರು.

ಹೊಲವಿಡೀ ಬರೀ ಹಸಿರು. ಹುಣಸೆಮರದ ಹಿಂದೆ ಮಾತ್ರ, ಬುಡದ ಕಡೆ ಕಿರಿದಾಗಿ ಹೋಗಹೋಗುತ್ತಾ ಅಗಲವಾಗುವ ಒಂದು ಪಟ್ಟಿಯಲ್ಲಿ ಅವರೆ ಹೂ ಬಿಟ್ಟಿತ್ತು. ಯಾರೋ ಹಗ್ಗ ಹಿಡಿದು ಗೆರೆ ಎಳೆದ ಹಾಗೆ ಹೂವಿನ ಅಂಚು ಅಲ್ಲಿಗೇ ನಿಂತಿತ್ತು. ನಾನು ಕಂಬ ನೋಡಿದೆ, ಮರ ನೋಡಿದೆ, ಪಟ್ಟಿ ನೋಡಿದೆ. ರಾತ್ರಿ ದೀಪಕ್ಕೆ ಮರದ ನೆರಳು ಬೀಳುವ ಜಾಗ ಅದು.

“ನಾಟಿ ಅವರೆಗೆ ರಾತ್ರಿ ಉದ್ದ ಆದ್ರೇನೇ ಹೂವು. ಇಲ್ಲಿ ರಾತ್ರೀನೇ ಆಗ್ತಿಲ್ಲ. ಅದರ ಕಣ್ಣು ಸರಿಯಾಗೇ ಇದೆ, ನಾವು ಅದರ ಕಣ್ಣಿಗೆ ಸುಳ್ಳು ಹೇಳ್ತಿದೀವಿ” ಎಂದರು. ಗಡಿಯಾರ ನೋಡಿ, “ಬರ್ಕೊ. ಬೆಳಗ್ಗೆ ಒಂಬತ್ತೂವರೆ” ಎಂದರು.

ಗುಡ್ಡದ ಆಚೆ ಪುಟ್ಟಮಾದಮ್ಮನ ಮಗಳ ಹೊಲದಲ್ಲಿ ಅದೇ ಮಡಕೆಯ ಬೀಜ ಮೈತುಂಬ ಹೂ ಬಿಟ್ಟಿತ್ತು. ಅದನ್ನೂ ನೋಡಿದೆವು. ಊರಿನವರನ್ನು ಕೇಳಿದರೆ, ಅದು ಹೋದ ವರ್ಷದ್ದು ಉಳಿದಿದ್ದ ಬೀಜವಿರಬೇಕು ಎಂದರು. ಅಚ್ಚಾದದ್ದನ್ನು ಜನ ನಂಬುತ್ತಾರೆ. ಅಚ್ಚು ಮಾಡಿಸಿದವನು ನಾನು.

ಮಾರನೇ ದಿನ ಮೇಡಂ ಜೊತೆ ಆ ಕಚೇರಿಗೆ ಹೋದೆ. ಅವರು ಟಿಪ್ಪಣಿಯನ್ನು ಕೇಳಿ ತೆಗೆದುಕೊಂಡು ಗಟ್ಟಿಯಾಗಿ ಓದಿದರು. ಅದರಲ್ಲಿ ನಾನು ಗಮನಿಸದೆ ಬಿಟ್ಟಿದ್ದ ವಾಕ್ಯವೊಂದಿತ್ತು: ‘ಪರಿಶೀಲನಾ ಸಮಯದಲ್ಲಿ ದೀಪದ ಬೆಳಕು ಸದರಿ ಜಮೀನಿನ ಮೇಲೆ ಬೀಳುತ್ತಿರುವುದು ಕಂಡುಬಂದಿರುವುದಿಲ್ಲ.’ ಅಂದರೆ ಪುಟ್ಟಮಾದಮ್ಮ ಆಗಲೇ ದೀಪದ ಮೇಲೆ ಅನುಮಾನ ಹೇಳಿದ್ದಳು.

“ಎಷ್ಟೊತ್ನಲ್ಲಿ ನೋಡಿದ್ರಿ?” ಎಂದು ಮೇಡಂ ಕೇಳಿದರು.

“ಹನ್ನೊಂದೂವರೆ ಇರ್ಬೇಕು.”

“ರಾತ್ರಿ?”

“ಏನ್ ಮೇಡಂ ನೀವು. ಬೆಳಗ್ಗೆ.”

“ಬೆಳಗ್ಗೆ ಅನ್ನೊಂದೂವರೆಗೆ ಬೀದಿದೀಪ ಉರೀತದಾ ಸಾರ್?”

“ನಾವು ಆಫೀಸ್ ಟೈಮಲ್ಲೇ ಹೋಗೋದು.”

ಮೇಡಂ ಕೂಗಿದ್ದು ಆಗ. ಪಕ್ಕದ ಕೋಣೆಯ ಗುಮಾಸ್ತರು ಎದ್ದು ಬಂದು ಬಾಗಿಲಲ್ಲಿ ನಿಂತರು. ದೀಪ ತೆಗೀರಿ ಎಂದು ಅವರು ಒಮ್ಮೆಯೂ ಹೇಳಲಿಲ್ಲ; ಬಸ್ಸಿಳಿದು ಹೆಣ್ಣುಮಕ್ಕಳು ನಡೆದು ಬರುವ ಜಾಗ, ದೀಪ ಬೇಕು ಎಂದೇ ಹೇಳಿದರು. ಹೊಲದ ಕಡೆಗೆ ಒಂದು ತಗಡು ಅಡ್ಡ ಕಟ್ಟಿಸಿ. ಟಿಪ್ಪಣಿಯಲ್ಲಿ ‘ಬೀಜ ಕಳಪೆ’ ಎಂಬ ಮಾತಿನ ಕೆಳಗೆ ಸರಿಯಾದ ವಾಕ್ಯ ಬರೆದು ಸಹಿ ಹಾಕಿ. ಕೇಳಿದ್ದು ಈ ಎರಡೇ. ದೀಪ ಹಾಕಿಸಿದ್ದೂ ಅದೇ ಕಚೇರಿ. ತಗಡು ಎಸ್ಟಿಮೇಟಿನಲ್ಲಿಲ್ಲ ಎಂದರು ಅಧಿಕಾರಿ. ಕಳಿಸಿಯಾದ ಟಿಪ್ಪಣಿ ತಿದ್ದಲು ಬರುವುದಿಲ್ಲ ಎಂದರು.

ಹೊಸ ವರದಿಯಲ್ಲಿ ಮೇಡಂ ಹೆಸರು ಹಾಕಲೇ ಎಂದು ಕೇಳಿದೆ. “ನನ್ನ ಹೆಸರ್ಯಾಕೆ? ಹೆಸರು ಕೆಟ್ಟಿರೋದು ಬೀಜಕ್ಕೆ. ಅದರದ್ದನ್ನ ಸರಿ ಮಾಡು” ಎಂದರು. ನಾನು ಆ ಮಾತು ಕೇಳದೆ ಹೆಸರು ಹಾಕಿದೆ. ಹೇಳಿಕೆ ಎಂದ ಮೇಲೆ ಹೆಸರಿರಬೇಕು, ಅದು ನಮ್ಮ ಶಿಸ್ತು. ಎರಡೂ ಕಡೆಯವರ ಮಾತು ಸಮಸಮ ಇರಬೇಕು, ಅದೂ ನಮ್ಮ ಶಿಸ್ತು. ‘ದೀಪವೇ ಕಾರಣ ಎಂದ ಉಪನ್ಯಾಸಕಿ, ಅಧಿಕಾರಿ ನಿರಾಕರಣೆ’ ಎಂದು ಒಳಪುಟದಲ್ಲಿ ಬಂತು. ಅವರಿಗೆ ಮೂರು ಪ್ಯಾರಾ, ಅಧಿಕಾರಿಗೆ ಮೂರು ಪ್ಯಾರಾ. ಹೂವಿನ ಪಟ್ಟಿಯ ಬಗ್ಗೆ ‘ಎನ್ನಲಾಗಿದೆ’ ಎಂದು ಬರೆದಿದ್ದೆ.

ಫೋನಿನಲ್ಲಿ ಮೇಡಂ ದನಿ ತಣ್ಣಗಿತ್ತು. ಅದು ಕೂಗಿಗಿಂತ ಕೆಟ್ಟದ್ದು.

“‘ಎನ್ನಲಾಗಿದೆ’ ಅಂತೆ. ಬದುವಿನ ಮೇಲೆ ನಿಂತಿದ್ದೋನು ನೀನು. ನಿನ್ನ ಕಣ್ಣಲ್ಲಿ ನೋಡಿದ್ದೀಯ. ನೀನು ನೋಡಿದ್ದನ್ನ ನೀನು ಹೇಳೋಕೆ ಯಾರ ಅಪ್ಪಣೆ ಬೇಕು? ಇಬ್ಬರ ಮಾತೂ ಬರ್ದು ಕೈ ತೊಳ್ಕೊಂಡೆ. ಹೊಲ ಎರಡು ಮಾತು ಹೇಳ್ತಾ?”

ವರದಿ ಹಿಡಿದು ಆ ಅಧಿಕಾರಿ ಕಾಲೇಜಿಗೆ ಕಾಗದ ಬರೆದರು. ಪ್ರಾಂಶುಪಾಲರ ನೋಟಿಸ್ ಬಂತು: ಅನುಮತಿಯಿಲ್ಲದೆ ಪತ್ರಿಕೆಗೆ ಹೇಳಿಕೆ, ಸರ್ಕಾರಿ ಕಚೇರಿಯಲ್ಲಿ ಏರುದನಿಯ ಮಾತು. ಅವರ ಉತ್ತರ ಒಂದೇ ಸಾಲು: ‘ಗಿಡದ ವಿಷಯ ಹೇಳುವುದಕ್ಕೇ ನನಗೆ ಸಂಬಳ.’ ಒಂದು ಇಂಕ್ರಿಮೆಂಟು ನಿಂತಿತು. ನನಗೆ ಏನೂ ಆಗಲಿಲ್ಲ.

ಆದರೆ ಅವರು ಆ ಹೊಲ ಬಿಡಲಿಲ್ಲ. ಕೊಳ್ಳೇಗಾಲದ ರೇಷ್ಮೆ ಸಾಕುವ ಮನೆಗಳಿಂದ, ಹಿಪ್ಪುನೇರಳೆ ಸೊಪ್ಪಿಗೆ ಹೊದಿಸುವ ಹಳೇ ಗೋಣಿಗಳನ್ನು ಬೇಡಿ ತಂದು ಎರಡೆರಡು ಪದರ ಹೊಲಿಸಿದರು. ದೀಪಕ್ಕೆ ಹತ್ತಿರದ ನಾಲ್ಕು ಸಾಲುಗಳ ಮೇಲೆ ಬಿದಿರಿನ ದಬ್ಬೆ ಬಾಗಿಸಿ ಕಟ್ಟಿಸಿದರು. ಸಂಜೆ ಆರಕ್ಕೆ ಮುಚ್ಚುವುದು, ಬೆಳಗ್ಗೆ ಏಳಕ್ಕೆ ತೆಗೆಯುವುದು ಪುಟ್ಟಮಾದಮ್ಮನ ಕೆಲಸ. ಸರ್ಕಲ್‌ನಲ್ಲಿ ಕೂತವರು ಬಿಡುತ್ತಾರೆಯೇ?

“ಏನವ್ವಾ, ಅವರೆಗೆ ಚಳೀನಾ? ಕಂಬ್ಳಿ ಒದಿಸ್ತಿದೀಯ?”

“ಊಂ ಕಣ್ಲಾ. ನಿಮ್ ಲೈಟು ಕಣ್ಗೆ ಒಡೀತದಂತೆ, ನಿದ್ದೆ ಬರ್ನಿಲ್ವಂತೆ.”

ನಾಲ್ಕು ವಾರ ಕಳೆದ ಮೇಲೆ ಒಂದು ಬೆಳಗ್ಗೆ ಏಳಕ್ಕೆ ನಾನು ಅಲ್ಲಿದ್ದೆ. ಗೋಣಿ ಸರಿಸಿದಾಗ ನಾಲ್ಕು ಸಾಲಿನಲ್ಲೂ ಹೂಗೊಂಚಲು ಎದ್ದಿತ್ತು. ಐದನೇ ಸಾಲು ಹಸಿರಾಗಿಯೇ ಇತ್ತು. ಪುಟ್ಟಮಾದಮ್ಮ ಒಂದು ಹೂ ಮುಟ್ಟಿ, ಮೇಡಂ ಕಡೆ ನೋಡಿ, ಬಾಯಿಗೆ ಸೆರಗು ಇಟ್ಟುಕೊಂಡಳು. ಮೇಡಂ ಗಡಿಯಾರ ನೋಡಿಕೊಂಡರು. ಆ ನಾಲ್ಕು ಸಾಲು ಮತ್ತು ಹುಣಸೆಮರದ ಪಟ್ಟಿಯಿಂದ ಮಡಕೆ ಅರ್ಧ ತುಂಬಿತು.

ಫೋಟೋ ಸಮೇತ ಕಳಿಸಿದ ಸುದ್ದಿಯನ್ನು ನಮ್ಮ ಡೆಸ್ಕ್ ‘ಹಳೇ ವಿಷಯ’ ಎಂದು ಕೈಬಿಟ್ಟಿತು. ನಾನು ಜಗಳವಾಡಲಿಲ್ಲ. ಕಚೇರಿಯವರು ಗೋಣಿಯ ಶಾಖಕ್ಕೆ ಹೂ ಬಂದಿರಬಹುದು ಎಂದರು. ಮುಂದಿನ ಬಿತ್ತನೆಗೆ ಪುಟ್ಟಮಾದಮ್ಮನ ಬಾಗಿಲಿಗೆ ಬಂದ ಮೊರ ಎರಡು. ಅದರಲ್ಲಿ ಒಂದು ಅವಳ ಮಗಳದು.

ಮತ್ತೆರಡು ವರ್ಷಕ್ಕೆ ಹೊಲದ ಕಡೆಯ ಎರಡು ಲೈಟು ಸುಟ್ಟುಹೋದವು. ಯಾರೂ ರಿಪೇರಿ ಮಾಡಲಿಲ್ಲ. ಆ ವರ್ಷ ಗೋಣಿಯಿಲ್ಲದೆ ಹೊಲಕ್ಕೆ ಹೊಲವೇ ಹೂ ಬಿಟ್ಟಿತು. ಮೇಡಂ ಅಷ್ಟು ಹೊತ್ತಿಗೆ ನಿವೃತ್ತರಾಗಿದ್ದರೂ ಮತ್ತೆ ಅರ್ಜಿ ಹಾಕಿದರು. ಈಗಲಾದರೂ ಬಂದು ನೋಡಿ, ಆ ಮಾತಿನ ಕೆಳಗೆ ಸರಿಯಾದದ್ದು ಬರೆಯಿರಿ ಎಂದು. ಬಂದ ಉತ್ತರದ ಪ್ರತಿ ನನ್ನ ಬಳಿ ಇದೆ. ‘ಸದರಿ ಮಹಿಳೆಯು ಈ ಸಾಲಿನಲ್ಲಿ ಉತ್ತಮ ಬೀಜ ಬಳಸಿರುವುದರಿಂದ ಹೂ ಬಂದಿರುತ್ತದೆ.’

ಅದೇ ಮಡಕೆ, ಅದೇ ಬೀಜ. ದೀಪ ಹಾಕಿ ಬೀಜ ಕೆಟ್ಟಿದೆ ಎಂದರು, ದೀಪ ಕೆಟ್ಟಾಗ ಬೀಜ ಒಳ್ಳೆಯದಾಯಿತು ಎಂದರು. ಎರಡು ಸಲವೂ ಕಚೇರಿಯವರು ಯಾರೂ ಕತ್ತಲಾದ ಮೇಲೆ ಹೊಲಕ್ಕೆ ಹೋಗಿರಲಿಲ್ಲ. ಮೇಡಂ ಆ ಕಾಗದವನ್ನು ನನಗೆ ಕೊಡುವಾಗ ಕಾಯಿಲೆಯಲ್ಲಿದ್ದರು. ಕಾಮಾಲೆ ಕಣ್ಣಿಗಿಳಿದಿತ್ತು. “ನೋಡು, ನನ್ನ ಮೈ ಆ ಕಸಾನೂ ಆಚೆ ಹಾಕ್ತಿಲ್ಲ” ಎಂದು ನಕ್ಕರು. ನಗು ನಿಲ್ಲಿಸಿ, “ಅವರು ಬರೆಯಲ್ಲ ಬಿಡು. ನೀನು ಬರೀಬಹುದಿತ್ತು” ಎಂದರು.

ಸಭೆಯಲ್ಲಿ ಪ್ರಾಂಶುಪಾಲರು ಹತ್ತು ನಿಮಿಷ ಮಾತಾಡಿದರು. ಆ ಅಧಿಕಾರಿಯೂ ಬಂದಿದ್ದರು. ಬಡ್ತಿ ಸಿಕ್ಕಿ ವೇದಿಕೆಯ ಮೇಲಿದ್ದರು. ಮೇಡಂಗೆ ರೈತರ ಬಗ್ಗೆ ಅಪಾರ ಕಾಳಜಿ ಇತ್ತು ಎಂದರು. ಆಗ ನನ್ನ ಪಕ್ಕದಲ್ಲಿ ಕೂತಿದ್ದ ಪುಟ್ಟಮಾದಮ್ಮ ಎದ್ದು ನಿಂತಳು. ಎರಡು ಬಸ್ಸು ಬದಲಾಯಿಸಿ ಬಂದಿದ್ದಳು.

“ಸಾ, ನಿಮ್ ಕಾಗ್ದದಲ್ಲಿ ನಮ್ ಬೀಜ ಇನ್ನೂವೆ ಕೆಟ್ಟದ್ದು ಅಂತಾನೇ ಅದಾ?”

ಸಭೆ ತಿರುಗಿ ನೋಡಿತು. ಅಧಿಕಾರಿ ಮೈಕನ್ನು ಕೈಯಿಂದ ಮುಚ್ಚಿದರು. “ಅದು ಹಳೇ ಫೈಲು ಕಣಮ್ಮ. ಈಗ್ಯಾಕೆ ಆ ಮಾತು? ಕೂತ್ಕೊ.”

“ಮೇಡಮ್ಮಾರೇ ಒಂಟೋದ್ರು. ಆ ಮಾತು ಮಾತ್ರ ಓಗ್ನಿಲ್ವಲ್ಲ ಸಾ.”

ಎರಡು ನಿಮಿಷ ಮೌನ ಆಚರಿಸಿ ಸಭೆ ಮುಗಿಸಿದರು.

ನನ್ನ ಮೊದಲ ವರದಿಯನ್ನು ನಾನು ಹೊಡೆದುಹಾಕುವುದಿಲ್ಲ. ಅದು ಹಾಗೆಯೇ ಇರಲಿ. ಅದರ ಕೆಳಗೆ, ಆರು ವರ್ಷ ತಡವಾಗಿ, ಇದನ್ನು ಬರೆಯುತ್ತಿದ್ದೇನೆ: ಪುಟ್ಟಮಾದಮ್ಮನ ಅವರೆ ಬೀಜ ಕೆಟ್ಟಿರಲಿಲ್ಲ. ದೀಪದ ಬೆಳಕು ಬಿದ್ದ ಕಡೆ ಹೂ ಬಿಡಲಿಲ್ಲ. ಬೆಳಕು ತಡೆದ ಕಡೆ, ಅದೇ ಬೀಜ, ಅದೇ ಹೊಲದಲ್ಲಿ ಹೂ ಬಿಟ್ಟಿತು. ನೋಡಿದ ವೇಳೆ ಬೆಳಗ್ಗೆ ಏಳು ಗಂಟೆ. ನೋಡಿದವನು ನಾನು.